ನೀಲಿ ಗೆರೆ, ಕಿತ್ತಳೆ ಗೆರೆ

ಪರದೆಯ ಮೇಲೆ ಮೊದಲ ಸ್ಲೈಡ್ ಮೂಡಿದಾಗ ಅವಳು ಅಕ್ಷರಗಳನ್ನು ಓದಲಿಲ್ಲ, ಅಂಚುಗಳನ್ನು ನೋಡಿದಳು. ನಾಲ್ಕೂ ಬದಿಗೆ ಬಿಟ್ಟ ಜಾಗ ಸಮನಾಗಿತ್ತು. ಎಲ್ಲೂ ಸಾಲು ಕತ್ತರಿಸಿಹೋಗಿರಲಿಲ್ಲ, ಬೇರೆ ಕಂಪ್ಯೂಟರಿಗೆ ಹಾಕಿದಾಗ ಆಗುವಂತೆ ಅಕ್ಷರಗಳು ಖಾಲಿ ಚೌಕಗಳಾಗಿರಲಿಲ್ಲ. ಒಂದು ತಪ್ಪಾದರೂ ಸಿಗಬಾರದೇ ಎಂದುಕೊಂಡಳು.

ಸಭಾಂಗಣದ ಕೊನೆಯ ಸಾಲಿನಲ್ಲಿ ಕೂರುವುದು ಅವಳ ಹಳೆಯ ಅಭ್ಯಾಸ. ಗಂಡ ನೀರು ಸರಬರಾಜಿನ ಇಂಜಿನಿಯರ್. ಕೊಳವೆ, ಒತ್ತಡ, ಸೋರಿಕೆ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವಿಲ್ಲ. ಒಂದೇ ಸ್ಲೈಡಿಗೆ ಹದಿನಾಲ್ಕು ಸಾಲು ತುರುಕಿಕೊಂಡು ಬರುತ್ತಿದ್ದ. ಇಪ್ಪತ್ತೆರಡು ವರ್ಷ, ಊಟದ ಮೇಜಿನ ಮೇಲೆ, ಅದನ್ನೆಲ್ಲ ಸೋಸಿ ಕೊಟ್ಟವಳು ಅವಳು. ಮುದ್ರಿಸಿದ ಹಾಳೆಯನ್ನು ನೆಲದ ಮೇಲಿಟ್ಟು, ನಿಂತಲ್ಲಿಂದಲೇ ಓದಲು ಹೇಳುತ್ತಿದ್ದಳು. "ನಿಂತೋರಿಗೆ ಕಾಣದೇ ಇದ್ದದ್ದು ಕೊನೇ ಸಾಲಿನೋರಿಗೂ ಕಾಣಲ್ಲ. ಅರ್ಧ ತೆಗೀರಿ." ಅವನು ಆಟಿಕೆ ಕಳೆದುಕೊಂಡ ಮಗುವಿನಂತೆ ಮುಖ ಮಾಡುತ್ತಿದ್ದ, ಆದರೂ ತೆಗೆಯುತ್ತಿದ್ದ.

ಎರಡು ತಿಂಗಳ ಹಿಂದೆ ಅವನು, "ಈ ಸಲ ನಿನಗೆ ತೊಂದ್ರೆ ಬೇಡ ಬಿಡು. ಆಫೀಸಿಗೇ ಒಬ್ಬ ಡಿಸೈನರ್ ಬಂದಿದಾಳೆ" ಎಂದಿದ್ದ.

ತೊಂದರೆ ಎಂದು ಅವಳು ಯಾವತ್ತು ಹೇಳಿದ್ದಳು? ಆಮೇಲೆ ಅವನು ದಿನಾ ಒಂದೊಂದು ಹೊಸ ಪಾಠ ಹೊತ್ತು ಬರತೊಡಗಿದ. "ಒಂದು ಸ್ಲೈಡಿಗೆ ಒಂದೇ ಮಾತು ಅಂತಾಳೆ. ಎಷ್ಟು ಸರಿ ಅಲ್ವಾ?"

"ನಾನು ಹೇಳ್ದಾಗ ಕಿವೀಲಿ ಹತ್ತಿ ಇತ್ತಾ?"

"ನೀನೂ ಹೇಳ್ತಿದ್ದೆ, ಇಲ್ಲ ಅನ್ನಲ್ಲ" ಎಂದು ಅವನು ಊಟ ಮುಂದುವರಿಸಿದ್ದ. ಬೇರೆಯವರ ಕೈಯಲ್ಲಿ ಗುಂಡಿ ಹೊಲಿಸಿಕೊಂಡು ಬಂದ ಅಂಗಿಯನ್ನು ನೋಡಿದ ಹಾಗೆ ಅವಳು ಅವನನ್ನು ನೋಡಿದ್ದಳು.

ಈಗ ಆ ಡಿಸೈನರ್ ಪ್ರೊಜೆಕ್ಟರಿನ ಪಕ್ಕ ನಿಂತಿದ್ದಳು. ಮೂವತ್ತೈದರ ಆಸುಪಾಸು, ಬೂದು ಅಂಗಿ, ಕಿವಿಯ ಹಿಂದೆ ಪೆನ್ಸಿಲ್. ಇಂಜಿನಿಯರ್ ವೇದಿಕೆಯಿಂದ ಆಗಾಗ ಡಿಸೈನರ್ ಕಡೆ ನೋಡುತ್ತಿದ್ದ. ಆಕೆ ಹೂಂ ಎಂಬಂತೆ ತಲೆಯಾಡಿಸುತ್ತಿದ್ದಳು. ಸ್ಲೈಡುಗಳು ಒಂದರ ಹಿಂದೊಂದು ಬಂದವು. ದೊಡ್ಡ ಅಕ್ಷರ, ನಾಲ್ಕೈದು ಪದ, ಸುತ್ತ ಉಸಿರಾಡುವಷ್ಟು ಬಯಲು.

"ನನ್ನ ತಮ್ಮ ಇಷ್ಟು ತಿಳಿಯೋ ಹಾಗೆ ಮಾತಾಡಿದ್ದು ಹುಟ್ಟಿದಾರಭ್ಯ ನೋಡಿಲ್ಲ ಕಣೇ" ಎಂದು ಪಕ್ಕದಲ್ಲಿದ್ದ ಗಂಡನ ಅಕ್ಕ ಪಿಸುಗುಟ್ಟಿದಳು. "ಯಾರ್ ಮಾಡಿದ್ದು ಈ ಚಿತ್ರ ಎಲ್ಲಾ? ನಿನ್ ಕೈ ಅಲ್ಲ ಬಿಡು."

"ಹೇಗ್ ಗೊತ್ತಾಯ್ತು?"

"ನಿಂದು ಇನ್ನೂ ಸ್ವಲ್ಪ ಗಿಜಿಗಿಜಿ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಸೋರಿಕೆಯ ನಕ್ಷೆಗಾಗಿ ಕಾಯುತ್ತಿದ್ದಳು.

ಈ ಅಕ್ಕನಿಗಾಗಲಿ, ಹೆತ್ತ ತಾಯಿಗಾಗಲಿ ತಿಳಿಯದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಅವನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುವುದಿಲ್ಲ. ಮದುವೆ ಗೊತ್ತಾದ ವಾರದಲ್ಲಿ ಅವನು ಅದನ್ನು ಅವಳೊಬ್ಬಳಿಗೇ ಹೇಳಿ ಅತ್ತುಬಿಟ್ಟಿದ್ದ. ಕೆಲಸಕ್ಕೆ ಸೇರುವ ಮುಂಚಿನ ಕಣ್ಣಿನ ಪರೀಕ್ಷೆಗೆ, ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಪುಟದ ವರಸೆಯಲ್ಲೇ ಬಾಯಿಪಾಠ ಮಾಡಿಸಿದವಳು ಅವಳು. ಹನ್ನೆರಡು, ಎಂಟು, ಇಪ್ಪತ್ತೊಂಬತ್ತು. ಅಂದಿನಿಂದ ಅವನ ಕಾಲುಚೀಲ ಜೋಡಿಸುವುದು, ಹಣ್ಣು ಆರಿಸುವುದು, ಕಂಪ್ಯೂಟರಿನ ಚಾರ್ಜ್ ತುಂಬಿತೋ ಇಲ್ಲವೋ ದೀಪ ನೋಡಿ ಹೇಳುವುದು, ಎಲ್ಲ ಅವಳ ಪಾಲು. ಇಲಾಖೆಯಲ್ಲಿ ಪೋಲಾದ ನೀರಿಗೆ ಕೆಂಪು ಗೆರೆ, ಉಳಿಸಿದ್ದಕ್ಕೆ ಹಸಿರು ಗೆರೆ ಎಂಬುದು ಪದ್ಧತಿ. ಅವಳು ಪ್ರತಿ ಬಾರಿಯೂ ಅವನ್ನು ಕಿತ್ತಳೆ, ನೀಲಿ ಮಾಡಿ ಕಳಿಸುತ್ತಿದ್ದಳು.

ಕೆಂಪು ಹಸಿರೇ ಬರಲಿ, ಎಂದು ಅವಳ ಮನಸ್ಸು ಹೇಳಿತು. ಎರಡು ಗೆರೆಗಳ ಮುಂದೆ ಅವನು ಕೋಲು ಹಿಡಿದು ತಡವರಿಸಲಿ. ಇಷ್ಟು ಜನರ ಮುಂದೆ. ತನಗೇ ಭಯವಾಗಿ ಅವಳು ಕುರ್ಚಿಯ ಕೈಯನ್ನು ಹಿಡಿದುಕೊಂಡಳು. ಆದರೂ ಬೇಡಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಕ್ಷೆ ಬಂತು. ಒಂದು ಗೆರೆ ನೀಲಿ, ಒಂದು ಗೆರೆ ಕಿತ್ತಳೆ.

"ಈ ಕಿತ್ತಳೆ ಗೆರೆ ನೋಡಿ, ಪೋಲಾದ ನೀರು" ಎಂದು ಇಂಜಿನಿಯರ್ ಒಂದಿಷ್ಟೂ ಅಳುಕದೆ ತೋರಿಸಿದ.

ಅವಳು ಪ್ರೊಜೆಕ್ಟರಿನ ಪಕ್ಕದ ಡಿಸೈನರ್ ಕಡೆ ತಿರುಗಿದಳು. ಹೇಳಿಬಿಟ್ಟಿದ್ದಾನೆ. ಅವತ್ತು ತನ್ನ ಮುಂದೆ ಅತ್ತ ಹಾಗೇ ಇವಳ ಮುಂದೂ ಅತ್ತಿರಬಹುದು. ಅಥವಾ ಅಳಲೇ ಇಲ್ಲವೇನೋ, ನಗುತ್ತಾ ಹೇಳಿರಬಹುದು. ನಗುತ್ತಾ ಹೇಳಿದ್ದರೆ ಅದು ಇನ್ನೂ ಕೆಟ್ಟದ್ದು. ಆಮೇಲಿನ ಸ್ಲೈಡುಗಳು ಅವಳಿಗೆ ಕಾಣಲಿಲ್ಲ. ಚಪ್ಪಾಳೆ ಬಿದ್ದಾಗ ಗಂಡನ ಅಕ್ಕ ಮೊಣಕೈಯಿಂದ ತಿವಿದಳು. "ತಟ್ಟೇ, ನಿನ್ ಗಂಡಾನೇ."

ಚಹಾದ ಹೊತ್ತಿಗೆ ಡಿಸೈನರ್ ತಾನಾಗಿಯೇ ಅವಳ ಬಳಿ ಬಂದಳು. "ನೀವೇ ಅಲ್ವಾ ಮೇಡಂ, ಕೊನೇ ಸಾಲಿನೋರು?"

"ಕೊನೇ ಸಾಲಿಗೂ ಚೆನ್ನಾಗಿ ಕಾಣಿಸ್ತು" ಎಂದಳು ಅವಳು. ಕಪ್ಪಿನೊಳಗೆ ನೋಡುತ್ತಾ ಕೇಳಿದಳು, "ಆ ನಕ್ಷೆಯ ಬಣ್ಣ ಯಾರು ಆರಿಸಿದ್ದು?"

ಡಿಸೈನರ್ ನಕ್ಕಳು. "ಅದೊಂದರಲ್ಲಿ ನಾನು ಸೋತೆ. ಇಲಾಖೆ ಬಣ್ಣ ಅಂತ ಕೆಂಪು ಹಸಿರು ಹಾಕಿದ್ದೆ. ಮಿಕ್ಕಿದ್ದಕ್ಕೆಲ್ಲ ಹೂಂ ಅಂದ ಸರ್ ಅದಕ್ಕೆ ಮಾತ್ರ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಯಾಕ್ ಸರ್ ಅಂದ್ರೆ, 'ನಮ್ಮನೆಯವಳಿಗೆ ಕಿತ್ತಳೆ ಬಣ್ಣ ಅಂದ್ರೆ ಪ್ರಾಣ, ಕೊನೇ ಸಾಲಲ್ಲಿ ಕೂತು ನೋಡ್ತಿರ್ತಾಳೆ' ಅಂದ್ರು. ನಿಜ ಹೇಳ್ಲಾ ಮೇಡಂ? ನಂಗೆ ಹೊಟ್ಟೆ ಉರೀತು. ನಮ್ಮನೇಲಿರೋ ಪುಣ್ಯಾತ್ಮನಿಗೆ ನಾನು ಯಾವ ಬಣ್ಣ ಉಟ್ಟಿದೀನಿ ಅಂತಾನೂ ಗೊತ್ತಾಗಲ್ಲ."

ಅವಳ ಬೀರುವಿನಲ್ಲಿ ಕಿತ್ತಳೆ ಬಣ್ಣದ ಒಂದು ಕರವಸ್ತ್ರವೂ ಇರಲಿಲ್ಲ. ಆ ಬಣ್ಣ ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

"ಹೌದು, ಮೊದಲಿಂದಾನೂ ಇಷ್ಟ" ಎಂದಳು.

ಗೋಡೆಯ ಬದಿಯ ಮೇಜಿನ ಮೇಲೆ ಕಂಪ್ಯೂಟರ್ ಚಾರ್ಜಿಗೆ ಇಟ್ಟಿತ್ತು. ಇಂಜಿನಿಯರ್ ಅದನ್ನು ಚೀಲಕ್ಕೆ ತುಂಬಲು ಹೋದ. ಡಿಸೈನರ್ ಇಲ್ಲಿಂದಲೇ ಕೂಗಿದಳು. "ಸರ್, ದೀಪ ಹಸಿರಾದ್ಮೇಲೆ ತೆಗೀರಿ! ಮಧ್ಯಾಹ್ನ ಇನ್ನೊಂದ್ಸಲ ತೋರಿಸ್ಬೇಕು."

ಅವನು ಬಗ್ಗಿ ಆ ಪುಟ್ಟ ದೀಪವನ್ನು ನೋಡಿದ. ಇನ್ನೂ ಸ್ವಲ್ಪ ಬಗ್ಗಿದ. ಆಮೇಲೆ ತಲೆಯೆತ್ತಿ, ಕರೆದ ಡಿಸೈನರ್ ಕಡೆ ನೋಡದೆ, ಕೈಕುಲುಕಲು ಬಂದವರ ಹೆಗಲ ಮೇಲಿಂದ ಕೋಣೆಯಿಡೀ ಹುಡುಕುತ್ತಾ ಬಂದು ಹೆಂಡತಿಯ ಮುಖದ ಮೇಲೆ ಕಣ್ಣು ನಿಲ್ಲಿಸಿದ.

ದೀಪ ಅವಳಿಗೆ ನಿಂತಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಕಪ್ಪನ್ನು ತುಟಿಗೆತ್ತಿ, ತಳದಲ್ಲಿ ಉಳಿದಿದ್ದ ತಣ್ಣನೆಯ ಚಹಾವನ್ನು ನಿಧಾನವಾಗಿ ಕುಡಿದಳು. ಅವನು ವೈರಿನ ಮೇಲೆ ಕೈಯಿಟ್ಟುಕೊಂಡೇ ಕಾದ. ಕಪ್ಪನ್ನು ಕೆಳಗಿಟ್ಟ ಮೇಲೆ, ಬೇರೆ ಯಾರಿಗೂ ತಿಳಿಯದಷ್ಟು, ಅವಳು ಅಡ್ಡಡ್ಡ ತಲೆಯಾಡಿಸಿದಳು. ಇನ್ನೂ ಇಲ್ಲ.

ಅವನು ವೈರನ್ನು ಬಿಟ್ಟು, ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತ.