ಸೀಟಿ ಕೇಳಿದವರು

"ಕಿವಿಗೆ ಸೀಸ ಹೊಯ್ಕಂಡಿದ್ಯನೋ ಬೋಳಿಮಗನೆ? ಲಾರಿ ಮೈಮೇಲೆ ಬಂದ್ರೂ ಗೊತ್ತಾಗ್ತಿಲ್ವನೋ?"

ಕ್ರಶರಿನ ಒಡೆಯ ರಘುಪತಿ ಬಂಗಾರ್ಯನ ಕುತ್ತಿಗೆಗೆ ಕೈಹಾಕಿ ದೂಡಿದ. ಬಂಗಾರ್ಯ ಜಲ್ಲಿರಾಶಿಯ ಮೇಲೆ ಮೊಣಕಾಲೂರಿ ಬಿದ್ದ. ಹಿಂದಕ್ಕೆ ಬರುತ್ತಿದ್ದ ಲಾರಿಯ ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸೋತಿದ್ದ. ಬಂಗಾರ್ಯ ದಾರಿ ಮಧ್ಯೆ ನಿಂತು ಆರಾಮಾಗಿ ಬೀಡಿ ಹಚ್ಚುತ್ತಿದ್ದನಂತೆ.

"ನಾಳಿಂದ ಈ ಕಡೆ ಮುಖ ಹಾಕ್ಬೇಡ. ಕಿವುಡ್ರನ್ನ ಸಾಕೂಕೆ ನಾ ಇಲ್ಲಿ ಛತ್ರ ಇಟ್ಟಿಲ್ಲ."

ಇದಿಷ್ಟನ್ನೂ ಕೆರಿಯ ಕೇಳಲಿಲ್ಲ, ನೋಡಿದ. ಕ್ರಶರಿನ ಬಾಯಿಗೆ ಕಲ್ಲು ಎತ್ತಿ ಹಾಕುತ್ತಲೇ ದೂರದಿಂದ ಒಡೆಯನ ತುಟಿ ನೋಡಿದ. ಬೈಗುಳವನ್ನು ಓದುವುದು ಬಲು ಸುಲಭ. ಬೈಯುವವರು ಬಾಯಿ ಅಗಲ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಬೈಯುತ್ತಾರೆ.

ಯಲ್ಲಾಪುರ ದಾಟಿ, ಹೆದ್ದಾರಿಯಿಂದ ಕಾಡಿನೊಳಕ್ಕೆ ತಿರುಗಿದರೆ ಸಿಗುವ ಆ ಕ್ರಶರಿನಲ್ಲಿ ಒಡೆದ ಕಲ್ಲು ಲಾರಿ ಹತ್ತಿ, ಘಟ್ಟ ಇಳಿದು, ಕರಾವಳಿಯ ಹೊಸ ರೈಲುಹಳಿಯ ಅಡಿಗೆ ಹೋಗುತ್ತಿತ್ತು. ತೊಂಬತ್ತಾರನೆಯ ಇಸವಿ. ಕೆಲಸಕ್ಕಿದ್ದವರೆಲ್ಲ ಊರಲ್ಲಿ "ರೈಲಿನ ಕೆಲಸ" ಎಂದು ಹೇಳಿ ಬಂದವರು. ರೈಲು ಹೇಗಿರುತ್ತದೆಂದು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಕೆರಿಯ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯವನು. ಹೆಂಡತಿ ದ್ಯಾವಿಯನ್ನು ಕಟ್ಟಿಕೊಂಡು ಬಂದು ನಾಲ್ಕು ವರ್ಷವಾಗಿತ್ತು. ಮೊದಲು ಕಿವಿಯೊಳಗೆ ಜೀರುಂಡೆ ಕೂತಿತು. ಆಮೇಲೆ ಹತ್ತಿ ತುರುಕಿದ ಹಾಗಾಯಿತು. ಈಗ ಮಷೀನಿನ ಸದ್ದೊಂದೇ ಉಳಿದಿತ್ತು, ಅದು ಮಷೀನು ನಿಂತರೂ ನಿಲ್ಲುತ್ತಿರಲಿಲ್ಲ.

ಅಲ್ಲಿ ಯಾರೂ ದನಿ ತೆಗೆದು ಮಾತಾಡುತ್ತಿರಲಿಲ್ಲ. ಬಾಯಿ ಆಡಿಸಿದರೆ ಸಾಕು, ಎದುರಿನವರಿಗೆ ತಿಳಿಯುತ್ತಿತ್ತು. ಯಾರ ಕಿವಿ ಎಷ್ಟು ಹೋಗಿದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕಿವುಡನೆಂದು ಗೊತ್ತಾದರೆ ಬಂಗಾರ್ಯನ ಗತಿಯೇ ತಾನೆ? ರಘುಪತಿ ಎದುರು ಬಂದರೆ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಅದನ್ನು ಭಯಭಕ್ತಿ ಅಂದುಕೊಂಡಿದ್ದ.

ಬಿಡಾರದಲ್ಲಿ ದ್ಯಾವಿ ಮಾತು ಬಿಟ್ಟಿದ್ದಳು. ಗಂಡನಿಗೆ ಕೇಳಿಸುವಷ್ಟು ಕೂಗಿದರೆ ಸಾಲುಬಿಡಾರಕ್ಕೆಲ್ಲ ಕೇಳುತ್ತದಲ್ಲ. ಊಟಕ್ಕೆ ಕರೆಯಬೇಕಾದರೆ ಭುಜ ಮುಟ್ಟುತ್ತಿದ್ದಳು. ಅವಳ ದನಿ ಹೇಗಿತ್ತೆಂದು ಒಂದೊಂದು ಸಲ ಕೆರಿಯ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ. ನೆನಪಾಗುತ್ತಿರಲಿಲ್ಲ. ಅದಕ್ಕೆ ದುಃಖವೂ ಆಗುತ್ತಿರಲಿಲ್ಲ. ದುಡಿದು ದುಡಿದು ಅದೂ ಜಡ್ಡುಗಟ್ಟಿತ್ತು.

ಕಲ್ಲವ್ವನ ಕಾಲು ಹೋದದ್ದು ಬಂಗಾರ್ಯ ಹೋದ ಮರುವಾರ.

ಗುಡ್ಡಕ್ಕೆ ಸಿಡಿಮದ್ದು ಇಡುವ ಮುಂಚೆ ಮಷೀನು ನಿಲ್ಲಿಸಬೇಕು, ಕೆಂಪು ಬಾವುಟ ಎತ್ತಬೇಕು, ಸೀಟಿ ಊದಬೇಕು. ಬಾವುಟದ ಆಳನ್ನು ರಘುಪತಿ ಎಂದೋ ಬಿಡಿಸಿದ್ದ. ಲಾರಿಗಳು ಸಾಲುಗಟ್ಟಿ ನಿಂತಿದ್ದರಿಂದ ಅವತ್ತು ಮಷೀನನ್ನೂ ನಿಲ್ಲಿಸಲಿಲ್ಲ. ಸೀಟಿ ಮಾತ್ರ ಊದಿದ್ದಾಯಿತು. ಊದಿದವನು ಸಂಗಯ್ಯ, ಮದ್ದು ಇಡುವವನು. ಊದಿದ್ದು ಸುಳ್ಳಲ್ಲ. ಕೆರಿಯ ಪಕ್ಕದವರು ಓಡಿದ್ದನ್ನು ಕಂಡು ತಾನೂ ಓಡಿದ. ಬನವಾಸಿ ಕಡೆಯ ಕಲ್ಲವ್ವ ಬುಟ್ಟಿ ತುಂಬಲು ಬಗ್ಗಿದ್ದಳು. ಓಡುವವರು ಅವಳ ಕಣ್ಣಿಗೆ ಬೀಳಲಿಲ್ಲ. ಗುಡ್ಡದಿಂದ ಹಾರಿದ ಬಂಡೆ ಅವಳ ತೊಡೆಯ ಮೇಲೆ ಕೂತಿತು. ಹುಬ್ಬಳ್ಳಿಯಲ್ಲಿ ಕಾಲು ತೆಗೆದರು.

ಪರಿಹಾರಕ್ಕೆ ಯಾರೋ ಅರ್ಜಿ ಹಾಕಿಸಿದರು. ವಿಚಾರಣೆಗೆ ಲೇಬರ್ ಸಾಹೇಬರು ಬರುತ್ತಾರೆಂದಾಯಿತು. ಆ ಬೆಳಿಗ್ಗೆ ರಘುಪತಿ ಕೆರಿಯನನ್ನು ಶೆಡ್ಡಿಗೆ ಕರೆಸಿ, ಎಂದೂ ಇಲ್ಲದ್ದು, ಲೋಟದಲ್ಲಿ ಚಾ ಕೊಡಿಸಿದ.

"ಒಂದೇ ಮಾತು ಕೆರಿಯಾ. ಸೀಟಿ ಕೇಳ್ತು, ಓಡ್ದೆ ಅನ್ನು. ಎಲ್ರಿಗೂ ಕೇಳಿದ ಸೀಟಿ ಅವ್ಳಿಗೆ ಕೇಳ್ಲಿಲ್ಲ ಅಂದ್ರೆ ತಪ್ಪು ಯಾರದ್ದು?"

ಕೆರಿಯ ಅವನ ಬಾಯಿ ನೋಡುತ್ತ ನಿಂತ.

"ಕೇಳ್ಲಿಲ್ಲ ಅಂದ್ಯೋ, ನೀ ಕಿವುಡ ಅಂತಾಯ್ತು. ಕಿವುಡ್ರಿಗೆ ಇಲ್ಲಿ ಕೆಲ್ಸಿಲ್ಲ. ಹೆಂಡ್ತಿ ಕರ್ಕಂಡು ಬಸ್ ಹತ್ತೂದೇ. ತಿಳೀತನೋ?"

"ಹೂಂ ಒಡೆಯಾ."

ಸಾಹೇಬರು ಬಂದಾಗ ಮಷೀನು ನಿಲ್ಲಿಸಿದ್ದರು. ಸಾಹೇಬರು ಖುರ್ಚಿಯಲ್ಲಿ ಕೂತರು, ರಘುಪತಿ ಪಕ್ಕದಲ್ಲಿ ಕೂತ. ಆಳುಗಳು ಎದುರು ಸಾಲಾಗಿ ನಿಂತರು. ಕಲ್ಲವ್ವನನ್ನು ಗೋಣಿಚೀಲದ ಮೇಲೆ ಕೂರಿಸಿದ್ದರು. ಸೀರೆಯ ಒಂದು ಬದಿ ನೆಲಕ್ಕೆ ಚಪ್ಪಟೆಯಾಗಿ ಬಿದ್ದಿತ್ತು.

ಸಂಗಯ್ಯ ಸೀಟಿ ಊದಿದೆ ಎಂದ. ಇನ್ನಿಬ್ಬರು ಕೇಳಿಸಿತು ಎಂದರು. ಸಾಹೇಬರ ಪೆನ್ನು ಸರಸರ ಓಡುತ್ತಿತ್ತು.

"ಏನವ್ವಾ, ಎಲ್ಲಾರಿಗೂ ಕೇಳಿಸೇತಿ. ನಿನಗೊಬ್ಬಾಕಿಗೆ ಯಾಕ ಕೇಳಿಸಲಿಲ್ಲ? ಮಾತಾಡ್ಕೋಂತ ಕುಂತಿದ್ದೀ ಏನು?"

"ಬಗ್ಗಿದ್ನಿರಿ ಸಾಹೇಬ್ರ. ಕೇಳಲಿಲ್ರಿ."

"ಈಗ ನಾ ಕೇಳಿದ್ದು ಚೊಲೋ ಕೇಳಸ್ತೈತಲ್ಲ?" ಸಾಹೇಬರು ರಘುಪತಿಯ ಕಡೆ ನೋಡಿ ನಕ್ಕರು. "ರೊಕ್ಕ ಅಂದ್ರ ಕಾಲೂ ಕೊಡತಾವ, ಕಿವೀನೂ ಕೊಡತಾವ ಈ ಸೂಳೆಮಕ್ಕಳು."

ಅವರು ಮೆಲ್ಲಗೆ ಹೇಳಿದ್ದರು. ಸಾಲಿನಲ್ಲಿ ನಿಂತವರೆಲ್ಲ ಅದನ್ನು ಓದಿದರು. ಯಾರ ಮುಖವೂ ಅಲ್ಲಾಡಲಿಲ್ಲ.

"ಮುಂದಿನಾಂವ ಯಾರು? ಕೆರಿಯ ಏನು ನೀನು? ಸೀಟಿ ಕೇಳಿಸ್ತೋ ಇಲ್ಲೋ?"

ಕೆರಿಯ ಬಾಯಿ ತೆರೆದ. ದ್ಯಾವಿ ಬಿಡಾರದ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಊರಿನಲ್ಲಿ ಒಂದು ಅಂಗೈ ಗದ್ದೆಯೂ ಇರಲಿಲ್ಲ. ಕಿವಿ ಇಲ್ಲದ ಆಳನ್ನು ಅಲ್ಲಿ ಯಾರು ಕರೆಯುತ್ತಾರೆ? ಕೇಳಿಸಿತು ಎಂದರೆ ಮುಗಿಯಿತು. ಅಷ್ಟರಲ್ಲಿ ಕಲ್ಲವ್ವ ಅವನ ಕಡೆ ತಿರುಗಿದಳು. ದನಿಯಿಲ್ಲದೆ, ಕೆಲಸದ ನಡುವೆ ಮಾತಾಡುವ ಹಾಗೇ ತುಟಿ ಆಡಿಸಿದಳು.

'ಕೇಳಿಸ್ತು ಅಂದ್ಬಿಡೋ ಯಣ್ಣಾ. ನನ್ನ ಕಾಲಂತೂ ಬರೂದಿಲ್ಲ. ನೀನರ ಉಳ್ಕೋ.'

ಕೆರಿಯನಿಗೆ ಸಿಟ್ಟು ಏರಿತು. ಇಷ್ಟು ದಿನ ಸತ್ತಂತೆ ಬಿದ್ದಿದ್ದ ಸಿಟ್ಟು ಅದು. ರಘುಪತಿಯ ಮೇಲೆ ಬಂತೋ, ಸಾಹೇಬರ ಮೇಲೋ, ತನ್ನ ಮೇಲೋ, ಅವನಿಗೆ ತಿಳಿಯಲಿಲ್ಲ.

"ನಿಮ್ ಬಾಯಿ ಕಾಣ್ತದೆ, ಅದ್ಕೇ ಮಾತು ತಿಳೀತದೆ ಸಾಯೇಬ್ರೆ," ಎಂದ. ತನ್ನ ದನಿ ಎಷ್ಟು ದೊಡ್ಡದಾಗಿ ಬಂತೆಂದು ಅವನಿಗೆ ಗೊತ್ತಾಗಲಿಲ್ಲ. ಬಿಡಾರದ ಹಿಂದಿನ ಕೊಟ್ಟಿಗೆಯ ಎತ್ತುಗಳು ಬೆಚ್ಚಿದವು. "ಬಾಯಿ ಕಾಣ್ದಿದ್ರೆ ಎಂತದೂ ಇಲ್ಲ. ಸೀಟಿಗೆ ಬಾಯಿ ಇಲ್ಲ. ಈಗ ಕೇಳಿ, ಎಂತ ಕೇಳ್ತ್ರಿ ಕೇಳಿ."

ಹೇಳಿ, ಸಾಹೇಬರಿಗೆ ಬೆನ್ನು ತಿರುಗಿಸಿ ನಿಂತ.

ಎದುರಿಗೆ ಗುಡ್ಡವಿತ್ತು. ಅರ್ಧ ತಿಂದು ಬಿಟ್ಟ ಗುಡ್ಡ. ತಲೆಯೊಳಗೆ ಮಷೀನು ತಿರುಗುತ್ತಲೇ ಇತ್ತು. ಹಿಂದೆ ಸಾಹೇಬರು ಕೇಳುತ್ತಿದ್ದಾರೋ, ಎದ್ದು ಹೋದರೋ, ರಘುಪತಿ ಏನೆಂದು ಬೈಯುತ್ತಿದ್ದಾನೋ. ಕೆರಿಯ ಜೀವನದಲ್ಲಿ ಮೊದಲ ಸಲ ಒಡೆಯನ ಬಾಯಿ ನೋಡದೆ ನಿಂತಿದ್ದ.

ಪಕ್ಕದಲ್ಲಿ ಒಂದು ಭುಜ ತಾಗಿತು. ಬುಟ್ಟಿ ಹೊರುವ ಗೌರಕ್ಕ. ಅವಳೂ ಗುಡ್ಡದ ಕಡೆ ಮುಖಮಾಡಿ ನಿಂತಿದ್ದಳು. ಅವಳಾಚೆ, ಆಗಷ್ಟೇ ಸೀಟಿ ಕೇಳಿಸಿತು ಎಂದಿದ್ದ ಇಬ್ಬರಲ್ಲಿ ಒಬ್ಬ ತಿರುಗಿದ. ಆಮೇಲೆ ಇನ್ನೊಬ್ಬ. ಕೊನೆಗೆ ಸಂಗಯ್ಯನೂ ಬಂದು ನಿಂತ. ಅವನ ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿತ್ತು.

ಕೆರಿಯನ ಬೆನ್ನಿಗೆ ಜಲ್ಲಿಕಲ್ಲೊಂದು ಬಂದು ಬಡಿಯಿತು. ಇನ್ನೊಂದು ಗೌರಕ್ಕನ ತಲೆಗೆ ಬಡಿಯಿತು. ಅವಳ ಕಿವಿಯ ಪಕ್ಕದಿಂದ ರಕ್ತ ಕೆಳಗಿಳಿಯಿತು. ಯಾರು ಎಸೆದರೆಂದು ನೋಡಲು ಆ ಸಾಲಿನಲ್ಲಿ ಒಬ್ಬರೂ ತಿರುಗಲಿಲ್ಲ.