ನಿಂತಲ್ಲೇ ದುಡಿದ ಕಾರು

ಬಿತ್ತನೆ ಮುಗಿದ ವಾರ. ಮಾವ ಜಗಲಿಯಲ್ಲಿ ಕೂತು ಗುದ್ದಲಿಗೆ ಹೊಸ ಹಿಡಿ ಕೂರಿಸುತ್ತಿದ್ದರೂ ಮನಸ್ಸೆಲ್ಲ ಒಳಗಿತ್ತು. ಗಾಳಿಗೆ ಕರೆಂಟ್ ಕಂಬ ಉರುಳಿ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ತಣ್ಣಗಾಗುತ್ತಿತ್ತು. ಇನ್ನೂರು ಮೊಟ್ಟೆ, ನಾಳೆ ಮರಿ ಹೊರಬರಬೇಕಿತ್ತು. ಕಂಬಳಿ ಹೊದಿಸಿದರೂ ಪ್ರಯೋಜನವಾಗಿರಲಿಲ್ಲ.

ನರ್ಸ್ ಕೆಲಸ ಮುಗಿಸಿ ಬಂದ ಸೊಸೆ ತನ್ನ ಎಲೆಕ್ಟ್ರಿಕ್ ಕಾರನ್ನು ಕಿಟಕಿಯ ಪಕ್ಕಕ್ಕೇ ತಂದು ನಿಲ್ಲಿಸಿದಳು.

"ಮಾವ, ಆ ವೈರ್ ಕೊಡಿ. ಕಾರಿನ ಬ್ಯಾಟರಿಯಿಂದ ಪೆಟ್ಟಿಗೆಗೆ ಕರೆಂಟ್ ಕೊಡ್ತೀನಿ."

"ಬೇಡಮ್ಮ, ಬೆಳಗ್ಗಿಂದ ಓಡಿ ಬಂದಿದೆ. ನೊಗ ಇಳಿಸಿದ ಮೇಲೆ ಎತ್ತಿನ ಕೈಲೂ ನಾನು ಕೆಲಸ ಮಾಡಿಸಿದವನಲ್ಲ."

"ಇದು ನಿಂತೇ ದುಡಿಯುತ್ತೆ, ಕಾಲು ನೋಯಲ್ಲ ಬಿಡಿ. ತಂದ ದಿನ ಇದನ್ನ ಆಟಿಕೆ ಅಂದವರು ಯಾರು? ಮನೆಗೆ ಒಂದು ದಿನ ದುಡಿದರೆ ನಾನೇ ಇದರ ಮೈ ತೊಳೀತೀನಿ ಅಂತ ನೀವೇ ಅಂದಿರಲಿಲ್ವಾ?"

ಮಾವ ಗುದ್ದಲಿ ಬದಿಗಿಟ್ಟು ವೈರ್ ಕೊಟ್ಟರು. ಪೆಟ್ಟಿಗೆಯ ದೀಪ ಹೊತ್ತಿತು.

ಮರುದಿನ ಸೊಸೆ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋದಳು. ಮಾವ ಗಳಿಗೆಗೊಮ್ಮೆ ಕಾರಿನೊಳಗೆ ಇಣುಕಿ, "ಬ್ಯಾಟರಿ ನೂರಕ್ಕೆ ಇನ್ನೂ ಅರವತ್ತಿದೆ" ಎಂದು ತಮಗೆ ತಾವೇ ಹೇಳಿಕೊಂಡರು. ಮಧ್ಯಾಹ್ನ ಕಂಬ ಎದ್ದು ನಿಲ್ಲುವಷ್ಟರಲ್ಲಿ ಪೆಟ್ಟಿಗೆಯ ತುಂಬ ಚಿಂವ್‌ಚಿಂವ್ ಸದ್ದು.

ಸಂಜೆ ಸೊಸೆ ಬಂದಾಗ ಮಾವ ಎತ್ತು ತಿಕ್ಕುತ್ತಿದ್ದ ಹಳೆಯ ಬ್ರಷ್ಷಿನಿಂದ ಕಾರಿನ ಬಾನೆಟ್ ಉಜ್ಜುತ್ತಿದ್ದರು. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ ನಕ್ಕಳು: "ಏನಣ್ಣ, ಕಾರಿಗೂ ಸ್ನಾನವಾ?"

"ಮತ್ತೆ? ನಿನ್ನೆಯಿಂದ ನಿಂತಲ್ಲೇ ದುಡಿದಿದೆ. ಯಾರ ಗಾಡಿ ಅಂದ್ಕೊಂಡೆ? ನಮ್ಮ ಸೊಸೇದು!"

ಸೊಸೆಯನ್ನು ಕಂಡೊಡನೆ ಅವರು ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಗತ್ತಿನಿಂದ ಹೇಳಿದರು: "ಚಕ್ರಾನೂ ತೊಳೆದಿದೀನಿ. ಆಡಿದ ಮಾತು ಉಳಿಸಿಕೊಂಡೆ."