ಸಾಹೇಬರು ಬರುವ ತನಕ

ಸಾವಿತ್ರೆವ್ವ ಗಂಡನ ಮೊಣಕಾಲು ಮಡಚುತ್ತಿದ್ದಳು. ಮೈದುನ ಮಾಯಪ್ಪ ಓಡಿಬಂದು ಅವಳ ರಟ್ಟೆ ಹಿಡಿದ.

"ಬಿಡ್ರಿ ವೈನಿ. ಕಾಲ ಚಾಚೇ ಇರ್ಲಿ."

"ಮೈ ಇನ್ನಾ ಬೆಚ್ಚಗೈತಿ ಮಾಯಪ್ಪ. ಈಗ ಮಡಚಿ ಕಟ್ಟಿದ್ರ ಕುಂಡ್ರತಾರ. ಆಮ್ಯಾಲೆ ಕಟಗಿ ಆಗ್ತಾರ."

"ಅಣ್ಣನ ಶಿಷ್ಯ ಸಮಾಧಾನ ಸಾಹೇಬ್ರ ಫೋನ್ ಬಂದಿತ್ತು. ಗುರುಗಳ ಪಾದ ಮುಟ್ಟಬೇಕು, ಮಲಗಿಸೇ ಇಡ್ರಿ ಅಂದಾರ. ಇಲ್ಲೇ ಹಾರೂಗೇರಿ ದಾಟ್ಯಾರಂತ."

ಆ ಮನೆಯವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಹೊಲದಲ್ಲಿ ಅಮೋಘಸಿದ್ದ ಕೂರುವಷ್ಟೇ ಅಗಲದ ಕುಣಿ ತೋಡುತ್ತಿದ್ದ. ಹೊತ್ತು ಮೂಡುವ ಮೊದಲು ಬಚ್ಚಲಿನಲ್ಲಿ ಕುಸಿದು ಸತ್ತ ಧರೆಪ್ಪ ಡಿಗ್ರಿ ಕಾಲೇಜೊಂದರಲ್ಲಿ ಸಾರ್ವಜನಿಕ ಆಡಳಿತ ಕಲಿಸುತ್ತಿದ್ದ. ಅತಿಥಿ ಉಪನ್ಯಾಸಕ. ಹತ್ತೊಂಬತ್ತು ವರ್ಷದ ಅತಿಥಿ! ಸ್ಟಾಫ್ ರೂಮಿನ ಕುರ್ಚಿಗಳೆಲ್ಲ ಕಾಯಂ ಮಂದಿಯವು. ಅವನು ಕಿಟಕಿಗೆ ಆನಿಕೊಂಡು ನಿಂತೇ ರೊಟ್ಟಿ ತಿನ್ನುತ್ತಿದ್ದ. ರಾತ್ರಿ ಹೆಂಡತಿ ಬಾತ ಮೀನಖಂಡ ತಿಕ್ಕುವಾಗ ನಗುತ್ತಿದ್ದ: "ಸತ್ತ ದಿವಸ ಛಲೋತ್ನಾಗಿ ಕುಂಡ್ರಸ್ರಿ ಸಾಕು."

ಅದೊಂದನ್ನಾದರೂ ಮಾಡಬೇಕೆಂದು ಸಾವಿತ್ರೆವ್ವ ಮತ್ತೆ ಕಾಲಿಗೆ ಕೈ ಹಾಕಿದಳು.

"ನನ್ನ ಮಗ ಮಾಳ್ಯಾನ ನೌಕರಿ ಅವರ ಕೈಯಾಗ ಐತ್ರಿ," ಮಾಯಪ್ಪ ಹಲ್ಲು ಕಚ್ಚಿದ. "ಸತ್ತಾವಗ ಏನ ಅವಸರ?"

* * *

ಕ್ಲಾಸಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಓದಿ ಹೇಳಿದರೆ ಆಡಳಿತ ತಲೆಗೆ ಹತ್ತುವುದಿಲ್ಲವೆಂದು ಧರೆಪ್ಪ ನಾಟಕ ಆಡಿಸುತ್ತಿದ್ದ. ವರ್ಷಗಳ ಹಿಂದೆ ಒಂದು ದಿನ ಕುರ್ಚಿಯಲ್ಲಿ ಅಧಿಕಾರಿಯಾಗಿ ಸಮಾಧಾನ, ಚಿಂಚಲಿ ಕಡೆಯ ಚುರುಕು ಹುಡುಗ. ಎದುರಿಗೆ ಧರೆಪ್ಪ ತಾನೇ ಬಡ ಅರ್ಜಿದಾರನಾಗಿ ಕೈಮುಗಿದು ನಿಂತ.

"ಸಾಹೇಬ್ರ, ನನ್ನ ಕೆಲಸ ಏನಾತ್ರಿ?"

ಸಮಾಧಾನ ಕಾಲ ಮೇಲೆ ಕಾಲು ಹಾಕಿದ. "ಮೀಟಿಂಗ್ ಐತಿ. ನಾಳೆ ಬಾ."

"ನಿನ್ನೆನೂ ಹಂಗ ಅಂದಿದ್ರಿ."

"ಹಂಗಾರ ಅಲ್ಲೇ ನಿಂದ್ರು."

ಹುಡುಗರು ಬೆಂಚು ಕುಟ್ಟಿ ನಕ್ಕರು. ಗಂಟೆ ಹೊಡೆಯುವ ತನಕ ಸಮಾಧಾನ ಏಳಲಿಲ್ಲ, ಧರೆಪ್ಪ ಕೂರಲಿಲ್ಲ. ಹೀಗೆ ಮಾಡಬಾರದು ಎಂದು ಕಲಿಸಲಿಕ್ಕೇ ಆ ನಾಟಕ. ಅದನ್ನೇ ಹೇಳಲಿಲ್ಲ ಪುಣ್ಯಾತ್ಮ. "ಭಲೇ! ಖರೇನ ಅಧಿಕಾರಿ ಆಗ್ತಿ ಲೇ ನೀ," ಎಂದು ಬೆನ್ನು ಚಪ್ಪರಿಸಿದ.

* * *

ಹಾರೂಗೇರಿ ದಾಟಿದ ಸಾಹೇಬರು ಬಂದಾಗ ಹೊತ್ತು ಇಳಿದಿತ್ತು. ಭಜನೆಯವರ ಗಂಟಲು ಬಿದ್ದಿತ್ತು. ನೊಣ ಓಡಿಸುತ್ತ ಕೂತಿದ್ದ ಸಾವಿತ್ರೆವ್ವ ಏಳಲಿಲ್ಲ. ಮಾಯಪ್ಪ ಪಕ್ಕದ ಮನೆಯಿಂದ ಕುರ್ಚಿ ತಂದು, ಮೇಲೆ ಟವೆಲ್ ಹಾಸಿದ್ದ.

ಸಮಾಧಾನ ಹಾರ ಹಾಕಿ, ಬಗ್ಗಿ ಪಾದ ಮುಟ್ಟಿದ. ಜೀಪಿನ ಡ್ರೈವರ್ ಫೋನ್ ಹಿಡಿದಿದ್ದ.

"ಸರ್, ಮುಖ ಬರಲಿಲ್ರಿ. ಇನ್ನೊಮ್ಮೆ ಬಗ್ಗರಿ."

ಇನ್ನೊಮ್ಮೆ ಬಗ್ಗಿದ. ಆಮೇಲೆ ಕುರ್ಚಿಯಲ್ಲಿ ಕೂತು ಚಹಾ ಕುಡಿದ.

"ಸರ್ ಒಂದು ಮಾತ ಕಲಿಸಿದ್ರು ನೋಡ್ರಿ. ಆಡಳಿತ ಅಂದ್ರ ಜನರನ್ನ ಕಾಯಿಸಬಾರದು."

"ಆಹಾ," ಅಂದ ಮಾಯಪ್ಪ. "ಎಂಥಾ ಮಾತ್ರಿ. ಸಾಹೇಬ್ರ, ನಮ್ಮ ಮಾಳ್ಯಾಂದು..."

"ಆಫೀಸಿಗೆ ಬರ್ರಿ. ನಾಳೆ ಬ್ಯಾಡ, ಮೀಟಿಂಗ್ ಐತಿ."

ಸಾವಿತ್ರೆವ್ವ ಮೊದಲ ಸಲ ತಲೆ ಎತ್ತಿದಳು. "ಅವತ್ತ ನಮ್ಮನಿಯವರಿಗೂ ಹಂಗ ಅಂದಿದ್ದೆಲ್ಲೋ ಯಪ್ಪಾ. ಮನಿಗೆ ಬಂದು ಹೇಳಿ ಭಾಳ ನಕ್ಕಿದ್ರು."

ಸಮಾಧಾನನಿಗೆ ನೆನಪಾಗಲಿಲ್ಲ. ಅವ್ವ ದುಃಖದಲ್ಲಿ ಏನೋ ಅನ್ನುತ್ತಾಳೆಂದು ಕೈಮುಗಿದು ಜೀಪು ಹತ್ತಿದ.

ಧೂಳು ಇಳಿಯುವ ಮೊದಲೇ ನಾಲ್ಕು ಜನ ಧರೆಪ್ಪನನ್ನು ಕೂರಿಸಲು ಹೋದರು. ಬೆನ್ನು ಎತ್ತಿದರೆ ಹಿಮ್ಮಡಿಯೂ ಎದ್ದಿತು. ಹಲಗೆಯ ಹಾಗೆ ಆಗಿದ್ದ. ಮಾಯಪ್ಪ ಮೊಣಕಾಲ ಮೇಲೆ ತನ್ನ ಮೊಣಕಾಲೂರಿ ಒತ್ತಿದ. ಒಳಗೆ ಏನೋ ಲಟಕ್ಕೆಂದಿತು. ಸಾವಿತ್ರೆವ್ವ ಮೈದುನನ ಮುಖಕ್ಕೆ ಉಗಿದಳು.

"ಮುರೀಬ್ಯಾಡ್ರೋ! ಮುರದ ಕುಂಡ್ರಸೂದು ಬ್ಯಾಡ!"

"ಕುಣ್ಯಾಗ ಇಳಸ್ರಿ," ಅಂದ ಮಾಯಪ್ಪ, ಮುಖ ಒರೆಸಿಕೊಳ್ಳುತ್ತ. "ಭಾರಕ್ಕ ತಾನ ಕುಂಡ್ರತಾನ."

ಹೊಲಕ್ಕೆ ಹೊತ್ತೊಯ್ದು ಇಳಿಸಿದರು. ಅವನು ಕೂರಲಿಲ್ಲ. ಹೆಗಲಿನಿಂದ ಮೇಲಿನದೆಲ್ಲ ಕುಣಿಯ ಹೊರಗೇ ಉಳಿಯಿತು. ಹಣೆತುಂಬ ವಿಭೂತಿ, ಕೊರಳಲ್ಲಿ ಸಾಹೇಬರ ಹಾರ.

"ಉದ್ದಕ ತೋಡಬೇಕ್ರಿ," ಅಂದ ಅಮೋಘಸಿದ್ದ. "ಮಲಗಿಸೂದ ಈಗ. ಹಿಡಕೊಳ್ರಿ ಅಲ್ಲಿತನಕ."

ಗುದ್ದಲಿ ಕುಣಿಯ ಒಂದು ಬದಿಯ ಮಣ್ಣು ಕಡಿಯತೊಡಗಿತು. ಕಂಕುಳಿಗೆ ಕೈ ಕೊಟ್ಟು ಹಿಡಿದಿದ್ದ ಮಾಯಪ್ಪನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸಾಹೇಬರ ಫೋಟೋ ಬಂದಿತ್ತು. ನೋಡಲೆಂದು ಕೈ ಬಿಟ್ಟ.

ಧರೆಪ್ಪ ಕುಣಿಯ ಅಂಚಿಗೆ ಗದ್ದ ಊರಿ, ಊರ ಕಡೆ ಮುಖ ಮಾಡಿ, ನಿಂತೇ ಇದ್ದ.